ದೂರದ ಭಕ್ತರಿಗೆ ಉತ್ಸವ ಕಾಣಿಸುವ ಬಗೆ

(ಕಸಬೆ ಡಿಗ್ರಜದಲ್ಲಿ ಉತ್ಸವದ ನಿಮಿತ್ತ ಸೇರಿದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ದೇವರ ಸನ್ನಿಧಿಯಲ್ಲಿ ನಾಲ್ಕು ಮಾತು ಆಡಲು ಸಮಿತಿಯವರು ನನಗೆ ಅವಕಾಶ ಕೊಟ್ಟಿದ್ದಾರೆ. ಇಂಥ ವೇದಿಕೆಯ ಮೇಲೆ ಪುರಾಣ ಪ್ರವಚನ ನಡೆಯುವುದು ವಾಡಿಕೆ. ನನಗೆ ಕೊಟ್ಟ ವಿಷಯ ಬೇರೆ. ಉತ್ಸವವನ್ನು ನೇರ ಪ್ರಸಾರ ಮಾಡಬೇಕೆಂದು ಸಮಿತಿಯವರು ನಿಶ್ಚಯಿಸಿದ್ದಾರೆ. ಅದಕ್ಕೆ ಯಾವ ಕ್ಯಾಮೆರಾ, ಯಾವ ಸಾಮಾನು ತರಬೇಕು ಎಂದು ತಿಳಿಸಿ ಎಂದಿದ್ದಾರೆ.

ಇದು ಯಂತ್ರದ ಮಾತು, ನಮಗೇಕೆ ಎಂದು ದಯವಿಟ್ಟು ಎದ್ದು ಹೋಗಬೇಡಿ. ಈ ಸಾಮಾನಿಗೆ ಹೋಗುವುದು ಕಾಣಿಕೆಯ ಹಣ. ಕಬ್ಬಿನ ಬಿಲ್ಲು ಬಂದಾಗ, ಅರಿಶಿನ ಮಾರಾಟವಾದಾಗ ದೇವರಿಗೆಂದು ಎತ್ತಿಟ್ಟು ಕೊಟ್ಟ ಹಣ ಅದು. ಅದರಲ್ಲಿ ಒಂದು ರೂಪಾಯಿ ವ್ಯರ್ಥವಾದರೂ ಕೇಳುವ ಹಕ್ಕು ನಿಮ್ಮೆಲ್ಲರಿಗೂ ಇದೆ. ಆದ್ದರಿಂದ ಏನನ್ನು, ಯಾವ ಕ್ರಮದಲ್ಲಿ ಕೊಳ್ಳಬೇಕು ಎಂಬುದು ಎಲ್ಲರಿಗೂ ತಿಳಿದಿರುವುದು ಒಳ್ಳೆಯದು.

ನಾನು ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಮೊದಲು ಕೇಳುವುದು ಕ್ಯಾಮೆರಾ ಯಾವುದು ಎಂದು. ಆದರೆ ಹಣ ಹಾಕಬೇಕಾದ ಕ್ರಮ ಬೇರೆ. ಮೊದಲು ಧ್ವನಿ, ಎರಡನೆಯದು ಬೆಳಕು, ಮೂರನೆಯದು ಇಂಟರ್‌ನೆಟ್ಟಿನ ದಾರಿ ಮತ್ತು ಕರೆಂಟು, ಕೊನೆಗೆ ಕ್ಯಾಮೆರಾ.

ಯಾರಿಗಾಗಿ ಈ ಪ್ರಸಾರ?

ನಮ್ಮದು ಗಡಿನಾಡು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಮಕ್ಕಳು ಪುಣೆ, ಮುಂಬಯಿ, ಬೆಂಗಳೂರು ಸೇರಿದ್ದಾರೆ. ಕೆಲವರು ಸಮುದ್ರ ದಾಟಿ ಹೋಗಿದ್ದಾರೆ. ಉತ್ಸವಕ್ಕೆ ಬರಬೇಕೆಂಬ ಆಸೆ ಇದ್ದರೂ ರಜೆ ಸಿಗುವುದಿಲ್ಲ. ಇನ್ನೊಂದು ವರ್ಗ ಇದೇ ಊರಿನಲ್ಲಿದೆ. ಮೊಣಕಾಲು ನೋವಿನಿಂದ ಹೊಸ್ತಿಲು ದಾಟಲಾರದ ಹಿರಿಯರು, ಬಾಣಂತಿಯರು, ಹಾಸಿಗೆ ಹಿಡಿದವರು. ಇವರಿಗಾಗಿ ಈ ಏರ್ಪಾಡು. ನಡೆದು ಬರಬಲ್ಲವರು ಮನೆಯಲ್ಲಿ ಕುಳಿತು ನೋಡಲಿ ಎಂದಲ್ಲ. ಪರದೆಯ ಮೇಲೆ ಕಂಡದ್ದು ದರ್ಶನಕ್ಕೆ ಬದಲಿಯಾಗುವುದಿಲ್ಲ. ಬರಲಾಗದವರಿಗೆ ಅದು ಒಂದು ಸಮಾಧಾನ ಮಾತ್ರ.

ಆ ಸಮಾಧಾನದ ಬೆಲೆ ಎಷ್ಟೆಂದು 2020ರಲ್ಲಿ ನಾವೆಲ್ಲ ಕಂಡೆವು. ಆ ವರ್ಷ ಪಂಢರಪುರದ ಆಷಾಢ ವಾರಿ ಕಾಲ್ನಡಿಗೆಯಲ್ಲಿ ನಡೆಯಲಿಲ್ಲ. ಸಂತರ ಪಾದುಕೆಗಳನ್ನು ಬಸ್ಸಿನಲ್ಲಿ ಕೊಂಡೊಯ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಮೈಸೂರು ದಸರೆಯ ಜಂಬೂ ಸವಾರಿ ಅರಮನೆಯ ಆವರಣದೊಳಗೇ ಮುಗಿಯಿತು. ಲಕ್ಷಗಟ್ಟಲೆ ಜನ ಅದನ್ನು ನೋಡಬೇಕಾದದ್ದು ಮನೆಯ ಟೀವಿಯಲ್ಲಿ, ಕೈಯ ಮೊಬೈಲಿನಲ್ಲಿ. ಆಗಿನಿಂದ ಸಣ್ಣ ಸಣ್ಣ ದೇವಸ್ಥಾನಗಳೂ ಈ ದಾರಿ ಹಿಡಿದಿವೆ.

ಆದರೆ ನೋಡುವವರು ಯಾವುದರಲ್ಲಿ ನೋಡುತ್ತಾರೆ? ಬಹುಪಾಲು ಅಂಗೈಯಗಲದ ಮೊಬೈಲಿನಲ್ಲಿ. ಅಷ್ಟು ಚಿಕ್ಕ ಪರದೆಯಲ್ಲಿ ಲಕ್ಷ ರೂಪಾಯಿಯ ಕ್ಯಾಮೆರಾಕ್ಕೂ ಅರ್ಧ ಬೆಲೆಯ ಕ್ಯಾಮೆರಾಕ್ಕೂ ಇರುವ ಅಂತರ ಸಾಮಾನ್ಯರ ಕಣ್ಣಿಗೆ ಗೊತ್ತಾಗುವುದಿಲ್ಲ. ಮಂತ್ರ ಸ್ಪಷ್ಟವಾಗಿ ಕೇಳದಿದ್ದರೆ ಮಾತ್ರ ತಕ್ಷಣ ಗೊತ್ತಾಗುತ್ತದೆ.

ಮೊದಲು ಧ್ವನಿ

ಈ ಮಾತನ್ನು ನಮ್ಮ ಭಾಗದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಪಕ್ಕದ ಮಿರಜ ತಂಬೂರಿಯ ಊರು. ಅಲ್ಲಿಯ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಅದೇ ಮಿರಜದಲ್ಲಿ ನೆಲೆಸಿದ್ದ ಉಸ್ತಾದ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡರು. ಕುಂದಗೋಳದ ಸವಾಯಿ ಗಂಧರ್ವರಿಗೆ ಅವರೇ ಗುರುಗಳು. ಖಾನ ಸಾಹೇಬರ ಗಾಯನ ಇಂದಿಗೂ ನಮಗೆ ದಕ್ಕಿರುವುದು ಮೂರು ನಾಲ್ಕು ನಿಮಿಷದ ಹಳೆಯ ಗ್ರಾಮೋಫೋನ್ ತಟ್ಟೆಗಳಿಂದ. ಚಿತ್ರವಿಲ್ಲ, ಬಣ್ಣವಿಲ್ಲ; ಆದರೂ ಕೇಳಿದವರು ಕಣ್ಣು ಮುಚ್ಚಿ ಕುಳಿತುಬಿಡುತ್ತಾರೆ. ಚಿತ್ರ ಚೆನ್ನಾಗಿದ್ದು ಧ್ವನಿ ಕೆಟ್ಟಿದ್ದರೆ ಐದು ನಿಮಿಷವೂ ಯಾರೂ ನೋಡುವುದಿಲ್ಲ.

ಕ್ಯಾಮೆರಾದೊಳಗೆ ಕೂಡಿಸಿದ ಮೈಕು ತನ್ನ ಹತ್ತಿರದ್ದನ್ನೇ ಹೆಚ್ಚು ಹಿಡಿಯುತ್ತದೆ. ಅರ್ಚಕರು ಮೂವತ್ತು ಅಡಿ ದೂರದಲ್ಲಿ ಮಂತ್ರ ಹೇಳುತ್ತಿದ್ದರೆ ಅದಕ್ಕೆ ಕೇಳುವುದು ಪಕ್ಕದಲ್ಲಿ ನಿಂತವರ ಹರಟೆ, ಫ್ಯಾನಿನ ಸದ್ದು. ಆದ್ದರಿಂದ ಧ್ವನಿವರ್ಧಕದವರ ಮಿಕ್ಸರಿನಿಂದ ಒಂದು ತಂತಿಯನ್ನು ನೇರವಾಗಿ ಪ್ರಸಾರದ ಸಾಮಾನಿಗೆ ತರಬೇಕು. ಮಿಕ್ಸರಿನಿಂದ ಬರುವ ಧ್ವನಿ ಜೋರಿನದು, ಮೈಕಿನಿಂದ ಬರುವುದು ಮೆತ್ತಗಿನದು. ಜೋರಿನದನ್ನು ಮೈಕಿನ ತೂತಿಗೆ ಚುಚ್ಚಿದರೆ ಧ್ವನಿ ಒಡೆದು ಗರಗರ ಎನ್ನುತ್ತದೆ. ಕೊಳ್ಳುವಾಗ ಎರಡನ್ನೂ ಒಪ್ಪಿಕೊಳ್ಳುವ ಸೌಕರ್ಯವಿದೆಯೇ ಎಂದು ಕೇಳಿರಿ. ತಂತಿ ಜೋಡಿಸಿದಾಗ ಗುಂಯ್ ಎಂಬ ಸದ್ದು ಬಂದರೆ ನಡುವೆ ಹಾಕಲು ಒಂದು ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಅಂಥದೊಂದು ಚೀಲದಲ್ಲಿ ಇರಲಿ.

ಇನ್ನೊಂದು ಸೂಕ್ಷ್ಮವಿದೆ. ಗುಡಿಯಲ್ಲಿ ಡೊಳ್ಳು, ತಾಳ, ಜನರ ಜಯಘೋಷ ತಾವಾಗಿಯೇ ಕೇಳುತ್ತವೆ. ಅವಕ್ಕೆ ಮೈಕು ಇಡುವುದಿಲ್ಲ. ಮಿಕ್ಸರಿನ ತಂತಿಯೊಂದನ್ನೇ ನಂಬಿದರೆ ದೂರದವರಿಗೆ ಮಂತ್ರ ಮಾತ್ರ ಕೇಳುತ್ತದೆ, ಉತ್ಸವ ಕೇಳುವುದಿಲ್ಲ. ಆದ್ದರಿಂದ ಸಭಾಮಂಟಪದಲ್ಲಿ ಜನರ ಧ್ವನಿಗೆಂದೇ ಒಂದೆರಡು ಮೈಕುಗಳನ್ನು ಎತ್ತರದಲ್ಲಿ ಕಟ್ಟಿ ಪ್ರಸಾರಕ್ಕೆ ಬೇರೆಯಾಗಿ ಹದ ಮಾಡಬೇಕು. ಹದ ಮಾಡುವವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಕುಳಿತಿರಬೇಕು. ಪಲ್ಲಕ್ಕಿಯ ಮುಂದೆ ಡಾಲ್ಬಿ ಬಾರಿಸಿದರೆ ಯಾವ ಮೈಕೂ ತಡೆಯದು. ಆ ವಿಷಯ ಹಿರಿಯರಿಗೆ ಬಿಟ್ಟದ್ದು!

ಬೆಳಕಿನ ಹದ

ಗರ್ಭಗುಡಿಯ ಚಿತ್ರ ತೆಗೆಯುವುದು ಮದುವೆಯ ಚಿತ್ರ ತೆಗೆದಂತಲ್ಲ. ಕಪ್ಪು ಶಿಲೆಯ ಮೂರ್ತಿ, ಮೇಲೆ ಹೊಳೆಯುವ ಬೆಳ್ಳಿಯ ಕಿರೀಟ, ಮುಂದೆ ಉರಿಯುವ ಆರತಿ. ಕ್ಯಾಮೆರಾವನ್ನು ತಾನಾಗಿ ನಡೆಯುವಂತೆ ಬಿಟ್ಟರೆ ಅದು ಕತ್ತಲನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಆರತಿ ಎತ್ತಿದೊಡನೆ ಮತ್ತೆ ಇಳಿಸುತ್ತದೆ. ಚಿತ್ರ ಬೆಳಗಿ ಕಂದಿ, ಬೆಳಗಿ ಕಂದಿ ಕಣ್ಣಿಗೆ ಬಾಧೆಯಾಗುತ್ತದೆ. ದೇವರ ಮುಖ ಬಿಳಿಯ ಮಚ್ಚೆಯಂತೆ ಕಾಣುವುದೂ ಉಂಟು. ಆದ್ದರಿಂದ ಬೆಳಕು, ಫೋಕಸ್ಸು, ಬಣ್ಣ ಮೂರನ್ನೂ ಕೈಯಿಂದ ಹದ ಮಾಡಿ ನಿಲ್ಲಿಸಲು ಬರುವ ಕ್ಯಾಮೆರಾವನ್ನೇ ಆರಿಸಬೇಕು. ಹದ ಮಾಡುವಾಗ ಕಿರೀಟವೂ ಮುಖವೂ ಎರಡೂ ಕಾಣುವಂತೆ ನೋಡಿಕೊಳ್ಳಬೇಕು.

ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಕ್ಯಾಮೆರಾವನ್ನು ಸೆಕೆಂಡಿಗೆ 25 ಚಿತ್ರ, ಶಟರ್ ಐವತ್ತನೆಯ ಒಂದು ಭಾಗ ಎಂದು ಇಟ್ಟರೆ ಟ್ಯೂಬಿನ ದೀಪ, ಎಲ್‌ಇಡಿ ದೀಪಗಳ ಮಿಣುಕು ಬಹುಮಟ್ಟಿಗೆ ನಿಲ್ಲುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಅಲಂಕಾರಕ್ಕೆ ಹಾಕುವ ಅಗ್ಗದ ಮಾಲೆ ದೀಪಗಳಲ್ಲಿ ಕೆಲವು ಆಗಲೂ ಮಿಣುಕುತ್ತವೆ. ಅವನ್ನು ಮೂರ್ತಿಯ ಹಿಂದಿನಿಂದ ತೆಗೆದು ಹೊರಗೆ ಕಟ್ಟಿರಿ. ಒಳಗೆ ಒಂದೇ ಬಣ್ಣದ ಎರಡು ಮೃದು ದೀಪಗಳನ್ನು ಹಾಕಿದರೆ ಸಾಧಾರಣ ಕ್ಯಾಮೆರಾವೂ ಚೆಲುವಾದ ಚಿತ್ರ ಕೊಡುತ್ತದೆ.

ಕ್ಯಾಮೆರಾ ಮತ್ತು ತಂತಿ

ಅಂಗಡಿಗೆ ಹೋದರೆ ಮೂರು ಬಗೆ ತೋರಿಸುತ್ತಾರೆ. ಒಂದು, ಫೋಟೋ ತೆಗೆಯುವ ಕ್ಯಾಮೆರಾದಲ್ಲೇ ವಿಡಿಯೋ. ಚಿತ್ರ ಸುಂದರ; ಆದರೆ ಕೆಲವು ಮಾದರಿಗಳು ಅರ್ಧ ಗಂಟೆಗೆ ತಾವಾಗಿಯೇ ನಿಲ್ಲುತ್ತವೆ, ಕೆಲವು ಬಿಸಿಯಾಗಿ ಆರುತ್ತವೆ. ನಾಲ್ಕು ಗಂಟೆ ನಡೆಯುವ ಕೀರ್ತನೆಗೆ ಇದು ಅಪಾಯ. ಎರಡು, ವಿಡಿಯೋಗೆಂದೇ ಮಾಡಿದ ಕ್ಯಾಮ್‌ಕಾರ್ಡರ್. ದೂರದ್ದನ್ನು ಹತ್ತಿರ ಎಳೆಯುವ ಶಕ್ತಿ, ಕರೆಂಟಿನ ಮೇಲೆ ಗಂಟೆಗಟ್ಟಲೆ ನಡೆಯುವ ಸಾಮರ್ಥ್ಯ ಇದಕ್ಕಿದೆ. ಮೂರು, ಗೋಡೆಗೆ ಜೋಡಿಸಿ ದೂರದಿಂದ ತಿರುಗಿಸುವ ಪಿಟಿಜೆಡ್ ಕ್ಯಾಮೆರಾ. ಇದರ ಪಕ್ಕದಲ್ಲಿ ಮನುಷ್ಯ ನಿಲ್ಲಬೇಕಾಗಿಲ್ಲ. ಕೆಲವು ಮಾದರಿಗಳಿಗೆ ಕರೆಂಟು, ಚಿತ್ರ, ತಿರುಗಿಸುವ ಅಪ್ಪಣೆ ಎಲ್ಲವೂ ಒಂದೇ ನೆಟ್‌ವರ್ಕ್ ತಂತಿಯಲ್ಲಿ 100 ಮೀಟರಿನವರೆಗೆ ಹೋಗುತ್ತವೆ. ಗರ್ಭಗುಡಿಯ ಮುಂದೆ ಕ್ಯಾಮೆರಾದವನು ನಿಂತು ಭಕ್ತರಿಗೆ ಅಡ್ಡವಾಗುವ ತೊಂದರೆ ತಪ್ಪುತ್ತದೆ. ನಿತ್ಯದ ಆರತಿಗೆ ಇಂಥದೊಂದನ್ನು ಕಾಯಂ ಜೋಡಿಸಿ, ಉತ್ಸವದ ದಿನಗಳಲ್ಲಿ ಒಂದು ಕ್ಯಾಮ್‌ಕಾರ್ಡರನ್ನು ಬಾಡಿಗೆಗೆ ತಂದರೆ ನಮ್ಮಂಥ ಊರಿಗೆ ಸಾಕು.

ತಂತಿಯ ಮಾತನ್ನು ಯಾರೂ ಹೇಳುವುದಿಲ್ಲ, ಕೆಲಸ ಕೆಡುವುದು ಅಲ್ಲಿಯೇ. ಮನೆಯ ಟೀವಿಗೆ ಹಾಕುವ ಎಚ್‌ಡಿಎಂಐ ತಂತಿ ಹತ್ತು ಹದಿನೈದು ಮೀಟರಿನಾಚೆ ನಂಬಿಕೆಗೆ ಬಾರದು. ಯಾರಾದರೂ ಎಡವಿದರೆ ಕಿತ್ತು ಬರುತ್ತದೆ. ವೃತ್ತಿಯವರು ಬಳಸುವ ಎಸ್‌ಡಿಐ ತಂತಿಯನ್ನು ತಿರುಗಿಸಿ ಬಿಗಿಯಬಹುದು. ಒಳ್ಳೆಯ ತಂತಿಯಾದರೆ 70-80 ಮೀಟರ್ ನಿರಾತಂಕವಾಗಿ ನಡೆಯುತ್ತದೆ. ಗುಡಿಯಿಂದ ಕಚೇರಿಯ ಕೋಣೆಗೆ ಎಷ್ಟು ದೂರ ಎಂದು ಅಳೆದುಕೊಂಡೇ ಅಂಗಡಿಗೆ ಹೋಗಿರಿ. ಆ ಅಳತೆಯ ಮೇಲೆ ಕ್ಯಾಮೆರಾದ ಜಾತಿ ನಿಶ್ಚಯವಾಗುತ್ತದೆ.

ತಂತಿಯಲ್ಲಿ ಬಂದ ಚಿತ್ರವನ್ನು ಕಂಪ್ಯೂಟರು ತಾನಾಗಿ ಒಳಗೆ ತೆಗೆದುಕೊಳ್ಳಲಾರದು. ನಡುವೆ ಕ್ಯಾಪ್ಚರ್ ಕಾರ್ಡ್ ಎಂಬ ಸಣ್ಣ ಪೆಟ್ಟಿಗೆ ಬೇಕು. ಬಲು ಅಗ್ಗದವು ಹಳೆಯ ಯುಎಸ್‌ಬಿ 2ರ ಮೇಲೆ ನಡೆಯುತ್ತವೆ. ಚಿತ್ರವನ್ನು ಹಿಂಡಿ ಕಳಿಸುತ್ತವೆ, ಬಿಸಿಯಾಗುತ್ತವೆ. ಯುಎಸ್‌ಬಿ 3ರ ಕಾರ್ಡ್ ಕೊಳ್ಳಿರಿ. ಕ್ಯಾಮೆರಾ ಕೊಳ್ಳುವಾಗ, ಪರದೆಯ ಮೇಲಿನ ಬ್ಯಾಟರಿ ಗುರುತು, ಅಂಕಿಗಳು ಇಲ್ಲದ ಶುದ್ಧ ಚಿತ್ರ ಹೊರಗೆ ಬರುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿರಿ. ಇಲ್ಲವಾದರೆ ದೇವರ ಪಕ್ಕದಲ್ಲಿ ಬ್ಯಾಟರಿಯ ಚಿತ್ರವನ್ನೂ ಭಕ್ತರು ನೋಡಬೇಕಾದೀತು. ಒಬಿಎಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಬೇಕಾದುದೆಲ್ಲ ಅದರಲ್ಲಿದೆ. ಕಂಪ್ಯೂಟರು ಬಲ್ಲ ಹುಡುಗರು ಇಲ್ಲದ ಕಡೆ ಎನ್‌ಕೋಡರ್ ಎಂಬ ಪೆಟ್ಟಿಗೆ ಅನುಕೂಲ. ಒಮ್ಮೆ ಹೊಂದಿಸಿಟ್ಟರೆ ಗುಂಡಿ ಒತ್ತಿದರೆ ಸಾಕು, ನಡುವೆ ಅಪ್‌ಡೇಟ್ ಎಂದು ಕಂಪ್ಯೂಟರು ಮುಷ್ಕರ ಹೂಡುವ ಭಯವಿಲ್ಲ.

ಇಂಟರ್‌ನೆಟ್ ಮತ್ತು ಕರೆಂಟು

ಕಂಪನಿಯವರು ನೂರು ಮೆಗಾಬಿಟ್ ಎಂದು ಹೇಳುವ ವೇಗ ಕೆಳಗಿಳಿಸುವ ವೇಗ. ನಮಗೆ ಬೇಕಾದದ್ದು ಮೇಲೆ ಕಳಿಸುವ ವೇಗ. ಎರಡೂ ಒಂದೇ ಅಲ್ಲ. 720 ಗೆರೆಯ ಚಿತ್ರಕ್ಕೆ ಸೆಕೆಂಡಿಗೆ ಮೂರು ನಾಲ್ಕು ಮೆಗಾಬಿಟ್ ಬೇಕು. 1080 ಗೆರೆಯದಕ್ಕೆ ಐದರಿಂದ ಹತ್ತು. ಬೇಕಾದುದರ ಎರಡರಷ್ಟು ವೇಗ ಕೈಯಲ್ಲಿದ್ದರೆ ಮಾತ್ರ ಧೈರ್ಯದಿಂದ ಆರಂಭಿಸಬಹುದು. ನಾಲ್ಕು ಮೆಗಾಬಿಟ್‌ನಂತೆ ಮೂರು ಗಂಟೆ ನಡೆಸಿದರೆ ಸುಮಾರು 5.4 ಜಿಬಿ ಖರ್ಚಾಗುತ್ತದೆ. ಮೊಬೈಲ್ ಸಿಮ್ಮಿನ ಮೇಲೆ ನಡೆಸುವವರು ಈ ಲೆಕ್ಕ ನೆನಪಿಡಬೇಕು. ಮೊಬೈಲಿನಲ್ಲಿ ನೋಡುವ ನಮ್ಮವರಿಗೆ ತಡವರಿಸುವ 1080ಕ್ಕಿಂತ ನಿಲ್ಲದೆ ಬರುವ 720 ಮೇಲು.

ಸೋಮವಾರ ಮಧ್ಯಾಹ್ನ ಸಿಮ್ ಪರೀಕ್ಷಿಸಿ ಚೆನ್ನಾಗಿದೆ ಎಂದರೆ ಅರ್ಥವಿಲ್ಲ. ರಥೋತ್ಸವದ ದಿನ ಸಾವಿರಾರು ಮೊಬೈಲುಗಳು ಅದೇ ಗೋಪುರಕ್ಕೆ ಜೋತುಬಿದ್ದಾಗ ವೇಗ ಕುಸಿಯುತ್ತದೆ. ಆದ್ದರಿಂದ ಫೈಬರಿನ ಒಂದು ತಂತಿ ಮುಖ್ಯ ದಾರಿ, ಬೇರೆ ಕಂಪನಿಯ ಸಿಮ್ ಎರಡನೆಯ ದಾರಿ. ಎರಡು ಮೂರು ಸಿಮ್ಮುಗಳನ್ನು ಒಟ್ಟುಗೂಡಿಸಿ ಕಳಿಸುವ ಪೆಟ್ಟಿಗೆಗಳೂ ಇವೆ, ದುಬಾರಿ. ಪಲ್ಲಕ್ಕಿ ಊರು ಸುತ್ತುವ ದಿನ ಬಾಡಿಗೆಗೆ ತರಬಹುದು. ಇಂಟರ್‌ನೆಟ್ ಕೈಕೊಟ್ಟರೂ ಕ್ಯಾಮೆರಾದ ಕಾರ್ಡಿನಲ್ಲಿ ಚಿತ್ರ ದಾಖಲಾಗುತ್ತಲೇ ಇರಲಿ. ನಾಳೆ ತೋರಿಸಬಹುದು, ಹತ್ತು ವರ್ಷದ ಮೇಲೆ ಮಕ್ಕಳೂ ನೋಡಬಹುದು.

ಕರೆಂಟು ಹೋದರೆ ಜನರೇಟರು ಏಳುವವರೆಗೆ ಒಂದು ನಿಮಿಷವಾದರೂ ಬೇಕು. ಆ ಒಂದು ನಿಮಿಷದಲ್ಲಿ ರೂಟರು ಆರಿ ಪ್ರಸಾರ ಕಡಿದುಹೋಗುತ್ತದೆ. ಕಂಪ್ಯೂಟರು, ರೂಟರು, ಮಿಕ್ಸರು ಮೂರಕ್ಕೂ ಯುಪಿಎಸ್ ಬೇಕೇ ಬೇಕು. ಸಾಮಾನು ಇಡುವ ಜಾಗವೂ ವಿಚಾರಿಸುವಂಥದು. ಕೃಷ್ಣಾ ತಾಯಿ ನಮಗೆ ಅನ್ನ ಕೊಟ್ಟವಳು, ಆದರೆ 2005, 2019, 2021ರ ಮಹಾಪೂರಗಳನ್ನೂ ನಾವೇ ಕಂಡಿದ್ದೇವೆ. 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ನೀರು ಅಪಾಯದ 45 ಅಡಿಯ ಗುರುತನ್ನು ಎಷ್ಟೋ ಮೀರಿ ಏರಿತ್ತು. ಸಾಮಾನಿನ ಕಪಾಟು ಮೇಲಿನ ಅಂತಸ್ತಿನಲ್ಲಿರಲಿ. ಒಬ್ಬರು ಎತ್ತಿಕೊಂಡು ಹೋಗುವಂಥ ಪೆಟ್ಟಿಗೆಗಳಲ್ಲಿರಲಿ.

ಮರ್ಯಾದೆ ಮತ್ತು ಎಚ್ಚರ

ಎಲ್ಲವನ್ನೂ ತೋರಿಸಬೇಕೆಂದಿಲ್ಲ. ಅಭಿಷೇಕದ ಯಾವ ಭಾಗ ಪರದೆಯ ಹಿಂದೆ ನಡೆಯಬೇಕು, ಕ್ಯಾಮೆರಾ ಯಾವ ಹೊಸ್ತಿಲಿನಾಚೆ ನಿಲ್ಲಬೇಕು ಎಂಬುದನ್ನು ಅರ್ಚಕರು ಹೇಳಬೇಕು. ಸಾಮಾನು ಕೊಳ್ಳುವ ಮೊದಲೇ ಅವರನ್ನು ಕೇಳಿರಿ. ನಿಲ್ಲುವ ಜಾಗ ತಿಳಿದ ಮೇಲಲ್ಲವೇ ಎಷ್ಟು ದೂರ ಎಳೆಯುವ ಲೆನ್ಸು ಬೇಕೆಂದು ಗೊತ್ತಾಗುವುದು? ಉರುಳುಸೇವೆ ಮಾಡುವ ಹೆಣ್ಣುಮಕ್ಕಳು, ಹರಕೆ ಹೊತ್ತು ಅಳುವವರು, ಚಿಕ್ಕ ಮಕ್ಕಳು, ಇವರ ಮುಖಗಳನ್ನು ಹತ್ತಿರ ಎಳೆದು ತೋರಿಸಬಾರದು. ಅವರು ಬಂದದ್ದು ದೇವರ ಮುಂದೆ, ಲೋಕದ ಮುಂದಲ್ಲ.

ಪ್ರಸಾರದಲ್ಲಿ ಎಚ್ಚರ ತಪ್ಪಿದರೆ ದೊಡ್ಡವರಿಗೂ ತೊಂದರೆಯಾಗುತ್ತದೆ. ಕರ್ನಾಟಕ ಹೈಕೋರ್ಟು 2021ರ ಮೇ 31ರಂದು ಪ್ರಾಯೋಗಿಕವಾಗಿ ಕಲಾಪದ ನೇರ ಪ್ರಸಾರ ಆರಂಭಿಸಿತು. 2022ರ ಜನವರಿಯಿಂದ ಅದಕ್ಕೆ ನಿಯಮಗಳೇ ಜಾರಿಗೆ ಬಂದವು. ಆದರೂ 2023ರ ಡಿಸೆಂಬರಿನಲ್ಲಿ ಕಿಡಿಗೇಡಿಗಳು ವಿಡಿಯೋ ಕಾನ್ಫರೆನ್ಸಿನೊಳಗೆ ನುಗ್ಗಿ ಅಸಭ್ಯ ದೃಶ್ಯ ತೋರಿಸಿದ್ದರಿಂದ ಕೆಲಕಾಲ ಎಲ್ಲವನ್ನೂ ನಿಲ್ಲಿಸಬೇಕಾಯಿತು. 2024ರ ಸೆಪ್ಟೆಂಬರಿನಲ್ಲಿ ಕಲಾಪದ ತುಣುಕುಗಳನ್ನು ಕತ್ತರಿಸಿ ಹಂಚುವವರ ವಿರುದ್ಧ ನ್ಯಾಯಾಲಯವೇ ಆದೇಶ ಮಾಡಬೇಕಾಯಿತು. ಇದರಿಂದ ನಾವು ಕಲಿಯಬೇಕಾದದ್ದು ಎರಡು. ಎಲ್ಲರೂ ಒಳಗೆ ಬಂದು ಮಾತಾಡಬಹುದಾದ ಮೀಟಿಂಗಿನ ಲಿಂಕನ್ನು ಊರಿಗೆಲ್ಲ ಹಂಚಬಾರದು. ಯೂಟ್ಯೂಬಿನಂಥ ಒಮ್ಮುಖದ ಪ್ರಸಾರವೇ ಸಾಕು. ಎರಡನೆಯದು, ಒಮ್ಮೆ ಹೊರಗೆ ಹೋದ ಚಿತ್ರ ಮತ್ತೆ ನಮ್ಮ ಕೈಗೆ ಬರುವುದಿಲ್ಲ.

ಯೂಟ್ಯೂಬಿನ ಖಾತೆ ಉತ್ಸಾಹಿ ಹುಡುಗನೊಬ್ಬನ ಹೆಸರಿನಲ್ಲಿರದೆ ಸಮಿತಿಯ ಹೆಸರಿನಲ್ಲಿರಲಿ. ಕೀಲಿಮಾತು ಇಬ್ಬರ ಬಳಿ ಇರಲಿ. ಹೊಸ ಖಾತೆಗೆ ನೇರ ಪ್ರಸಾರದ ಅನುಮತಿ ಸಿಗಲು 24 ಗಂಟೆಯವರೆಗೆ ಹಿಡಿಯಬಹುದು. ಆದ್ದರಿಂದ ಉತ್ಸವದ ಬೆಳಿಗ್ಗೆ ಖಾತೆ ತೆರೆದರೆ ಉಪಯೋಗವಿಲ್ಲ. ಪ್ರಸಾರದ ನಡುವೆ ಧ್ವನಿವರ್ಧಕದಲ್ಲಿ ಕ್ಯಾಸೆಟ್ ಕಂಪನಿಯ ಭಕ್ತಿಗೀತೆ ಹಾಕಿದರೆ ಹಕ್ಕುದಾರರ ತಕರಾರು ಬಂದು ಪ್ರಸಾರ ನಿಲ್ಲಲೂಬಹುದು. ಪದ ಪುರಾತನವಾಗಿದ್ದರೂ ಧ್ವನಿಮುದ್ರಣ ಅವರ ಸ್ವತ್ತು. ನಮ್ಮೂರ ಭಜನಾ ಮಂಡಳಿಯವರೇ ಹಾಡಲಿ. ಅದಕ್ಕಿಂತ ಚೆಂದ ಯಾವುದಿದೆ?

ಕೊಳ್ಳುವ ಮೊದಲು

ಸಾಂಗ್ಲಿ ಪೇಟೆಯಲ್ಲಿ ಅರಿಶಿನ ಕೊಳ್ಳುವವರು ಮೇಲಿನ ಹೊಳಪನ್ನು ನಂಬುವುದಿಲ್ಲ, ಕೊಂಬು ಮುರಿದು ಒಳಬಣ್ಣ ನೋಡುತ್ತಾರೆ. ನಾವೂ ಹಾಗೆಯೇ ಮಾಡೋಣ. ಮೊದಲ ವರ್ಷ ಎಲ್ಲವನ್ನೂ ಬಾಡಿಗೆಗೆ ತಂದು ನಡೆಸೋಣ. ಯಾವುದು ಒಗ್ಗಿತು, ಯಾವುದು ಕೆಟ್ಟಿತು ಎಂದು ಬರೆದಿಟ್ಟು, ವರ್ಷವಿಡೀ ಬೇಕಾಗುವ ಮೈಕು, ತಂತಿ, ಯುಪಿಎಸ್, ಒಂದು ಕಾಯಂ ಕ್ಯಾಮೆರಾ ಇಷ್ಟನ್ನು ಎರಡನೆಯ ವರ್ಷ ಕೊಳ್ಳೋಣ. ವರ್ಷಕ್ಕೆ ಎರಡೇ ದಿನ ಬೇಕಾಗುವುದನ್ನು ಎಂದೂ ಕೊಳ್ಳುವುದು ಬೇಡ. ರಿಪೇರಿಗೆ ಸಾಂಗ್ಲಿ, ಮಿರಜ, ಕೊಲ್ಹಾಪುರದಲ್ಲಿ ಜನ ಸಿಗುವಂಥ ಸಾಮಾನೇ ಲೇಸು. ಬಿಲ್ಲು, ಗ್ಯಾರಂಟಿ ಕಾಗದ ಸಮಿತಿಯ ದಫ್ತರಿನಲ್ಲಿರಲಿ.

ಯಂತ್ರಕ್ಕಿಂತ ಮುಖ್ಯ ಅದನ್ನು ನಡೆಸುವ ಕೈ. ಊರಿನ ನಾಲ್ಕು ಹುಡುಗ ಹುಡುಗಿಯರನ್ನು ಆರಿಸಿ ಕಲಿಸೋಣ. ಒಬ್ಬರು ಧ್ವನಿಗೆ, ಒಬ್ಬರು ಕ್ಯಾಮೆರಾಕ್ಕೆ, ಒಬ್ಬರು ಕಂಪ್ಯೂಟರಿಗೆ, ಒಬ್ಬರು ಮೊಬೈಲಿನಲ್ಲಿ ದೂರದ ಭಕ್ತರಂತೆ ನೋಡುತ್ತಾ ಎಲ್ಲಿ ಕೆಟ್ಟಿತೆಂದು ಹೇಳಲು. ಉತ್ಸವಕ್ಕೆ ಮೊದಲು ಒಂದು ವಾರದ ರಾತ್ರಿ ಆರತಿಯನ್ನು ತಾಲೀಮಿನಂತೆ ಪೂರ್ತಿ ಪ್ರಸಾರ ಮಾಡಿ ನೋಡಲಿ. ಪ್ರಸಾರ ಕೆಲವು ಸೆಕೆಂಡು, ಒಮ್ಮೊಮ್ಮೆ ಅರ್ಧ ನಿಮಿಷ ತಡವಾಗಿ ಮುಟ್ಟುತ್ತದೆ ಎಂಬುದನ್ನು ದೂರದವರಿಗೆ ಮೊದಲೇ ತಿಳಿಸಿಡಲಿ. ಅವರು ಆರತಿಯ ಹೊತ್ತಿಗೆ ಮನೆಯಲ್ಲಿ ದೀಪ ಹಚ್ಚಿಕೊಂಡು ಕಾಯುತ್ತಿರುತ್ತಾರೆ.

ಭಕ್ತ ಬಾಂಧವರೇ, ಇಷ್ಟೆಲ್ಲ ತಂತಿ ಪೆಟ್ಟಿಗೆಗಳ ಉದ್ದೇಶ ಒಂದೇ. ಎಲ್ಲೋ ಒಂದು ಕೋಣೆಯಲ್ಲಿ ಕುಳಿತ ಅಜ್ಜಿಗೆ ಮಂಗಳಾರತಿಯ ಘಂಟೆ ಸ್ಪಷ್ಟವಾಗಿ ಕೇಳಬೇಕು, ದೇವರ ಮುಖ ಕಾಣಬೇಕು, ನಡುವೆ ಕಡಿಯಬಾರದು. ಅಷ್ಟಾದರೆ ಕಾಣಿಕೆಯ ಹಣ ಸಾರ್ಥಕ. ಅಷ್ಟು ಮಾಡದ ಸಾಮಾನು ಎಷ್ಟು ಬೆಲೆಯದಾದರೂ ನಮಗೆ ಬೇಡ.